ಅರ್ಧ ಕಪ್ಪಾದ ಫೋಟೋ ಮತ್ತು ಒಂದು ಫ್ಲ್ಯಾಶು

"ಅಣ್ಣಾ, ಮದ್ವೆ ಮನೆ ಮುಂದೇನೇ ಅಂತೆ. ಧಾರೆ ಫೋಟೋ ಎಲ್ಲಾ ನೀನೇ ತೆಗೀಬೇಕು."

ತಂಗಿ ಫೋನ್ ಮಾಡಿದಾಗ ನಾನು ಆಫೀಸಿನಲ್ಲಿ ಬೇರೆ ಯಾರೋ ಮಾಡಿದ ತಪ್ಪಿಗೆ ಲಾಗ್ ಫೈಲು ಓದ್ತಾ ಕೂತಿದ್ದೆ. ಇದು 2025ರ ಜನವರಿ ಮಾತು. ಫೆಬ್ರವರಿಯಲ್ಲಿ ಮದುವೆ. ಮಾರನೇ ದಿನ ಹಾಸನದ ಕಲ್ಯಾಣ ಮಂಟಪದಲ್ಲಿ ರಿಸೆಪ್ಷನ್ನು, ಅದಕ್ಕೆ ಸ್ಟುಡಿಯೋದವರು ಬರ್ತಾರೆ, ಡ್ರೋನ್ ಎಲ್ಲಾ ಹಾರಿಸ್ತಾರೆ. ಆದ್ರೆ ಧಾರೆ ಮಾತ್ರ ಊರಲ್ಲೇ, ಮನೆ ಮುಂದೆ ಚಪ್ಪರ ಹಾಕಿಯೇ ಆಗ್ಬೇಕು ಅಂತ ಅಪ್ಪನ ಹಠ.

"ಅದಕ್ಕೂ ಸ್ಟುಡಿಯೋದವರನ್ನೇ ಕರೆಸೋಣ ಬಿಡು" ಅಂದೆ.

"ಬೇಡ. ಅಮ್ಮ ನೀನೇ ತೆಗೀಬೇಕು ಅಂತಿದಾಳೆ. ಅವಳ ಧಾರೆ ಫೋಟೋ ಕಥೆ ಗೊತ್ತಲ್ಲ ನಿಂಗೆ?"

ಗೊತ್ತಿತ್ತು. ಗೊತ್ತಿದೆ ಅಂದ್ಕೊಂಡಿದ್ದೆ ಅಷ್ಟೆ.

ನನ್ನ ಹತ್ರ ಸೆಕೆಂಡ್ ಹ್ಯಾಂಡಲ್ಲಿ ಕೊಂಡ ಒಂದು ಸೋನಿ ಎ7 ಮೂರನೇ ಮಾಡೆಲ್ ಕ್ಯಾಮೆರಾ ಇದೆ, ಒಂದು ಟ್ಯಾಮ್ರಾನ್ 28-75 ಲೆನ್ಸ್ ಇದೆ. ಹಂಪಿ, ಬೇಲೂರು, ಮನೆ ಹಿಂದಿನ ಸೀಬೆ ಮರಕ್ಕೆ ಬರೋ ಗಿಳಿ.... ಇಷ್ಟೇ ನನ್ನ ಫೋಟೋಗ್ರಫಿ. ಯಾರಾದ್ರೂ ಫ್ಲ್ಯಾಶ್ ಬಗ್ಗೆ ಕೇಳಿದ್ರೆ "ನಾನು ನ್ಯಾಚುರಲ್ ಲೈಟ್ ಮಾತ್ರ ಬಳಸೋದು" ಅಂತ ಜಂಬದಿಂದ ಹೇಳ್ತಿದ್ದೆ. ಆ ಮಾತಿನ ನಿಜವಾದ ಅರ್ಥ ನಂಗೆ ಫ್ಲ್ಯಾಶ್ ಬಳಸೋಕೆ ಬರಲ್ಲ ಅಂತ!

ಚಪ್ಪರ ಅಂದ್ರೆ ತೆಂಗಿನ ಗರಿ. ಗರಿ ಸಂದಿಯಿಂದ ಚುಕ್ಕಿ ಚುಕ್ಕಿ ಬಿಸಿಲು. ಹಸೆ ಮೇಲೆ ಕೂತವರ ಮುಖ ಕತ್ತಲೆ, ಹಿಂದೆ ಬಯಲಲ್ಲಿ ಕಣ್ಣು ಕುಕ್ಕೋ ಬೆಳಕು. ನ್ಯಾಚುರಲ್ ಲೈಟನ್ನು ನಂಬಿಕೊಂಡ್ರೆ ಒಂದೋ ಮದುಮಗಳ ಮುಖ ಇದ್ದಲು, ಇಲ್ಲಾ ಹಿನ್ನೆಲೆ ಪೂರ್ತಿ ಸುಣ್ಣ. ಫ್ಲ್ಯಾಶ್ ಕೊಳ್ಳದೆ ಬೇರೆ ದಾರಿ ಇರಲಿಲ್ಲ.

*

ಎಂಜಿನಿಯರ್ ಮುಂಡೇದು, ಮೊದಲು ಮಾಡಿದ ಕೆಲಸ ಅಂದ್ರೆ ಒಂದು ಎಕ್ಸೆಲ್ ಶೀಟು. ಕಂಪನಿ, ಬೆಲೆ, ಗೈಡ್ ನಂಬರ್, ಬ್ಯಾಟರಿ, ತೂಕ ಎಲ್ಲಕ್ಕೂ ಒಂದೊಂದು ಕಾಲಂ.

ಗೈಡ್ ನಂಬರ್ ಅನ್ನೋದು ಫ್ಲ್ಯಾಶಿನ ತಾಕತ್ತಿನ ಲೆಕ್ಕ. ಫ್ಲ್ಯಾಶಿಂದ ಮನುಷ್ಯನಿಗೆ ಇರೋ ದೂರವನ್ನು ಲೆನ್ಸಿನ ಎಫ್ ನಂಬರಿಂದ ಗುಣಿಸಿದ್ರೆ ಬರೋದು. ಗೈಡ್ ನಂಬರ್ 60 ಇದ್ರೆ, ಐಎಸ್‌ಓ 100ರಲ್ಲಿ ಎಫ್/4 ಇಟ್ಟರೆ ಹದಿನೈದು ಮೀಟರ್ ದೂರದವರಿಗೂ ಬೆಳಕು ಮುಟ್ಟುತ್ತೆ. ಕೇಳೋಕೆ ಭರ್ಜರಿಯಾಗಿದೆ. ಆದ್ರೆ ಡಬ್ಬಿ ಮೇಲೆ ಸಣ್ಣಕ್ಷರದಲ್ಲಿ "200 ಎಂಎಂ ಜೂಮ್‌ನಲ್ಲಿ" ಅಂತ ಬರೆದಿರ್ತಾರೆ. ಅಂದ್ರೆ ಫ್ಲ್ಯಾಶಿನ ತಲೆಯೊಳಗೆ ಬೆಳಕನ್ನು ಟಾರ್ಚಿನ ಹಾಗೆ ಕಿರಿದು ಮಾಡಿ ಅಳೆದ ಅಂಕಿ ಅದು. ಮದುವೆ ಮನೆಯಲ್ಲಿ ನಾವು ಬಳಸೋದು 35 ಎಂಎಂ ಆಸುಪಾಸು. ಅಲ್ಲಿ ಅದೇ ಹದಿನೈದು ಮೀಟರು ಹತ್ತರ ಹತ್ತಿರಕ್ಕೆ ಇಳಿಯುತ್ತೆ. ಇನ್ನು ತಲೆಯನ್ನು ಮೇಲಕ್ಕೆ ತಿರುಗಿಸಿ ಸೂರಿಗೆ ಹೊಡೆದ್ರೆ ಬೆಳಕು ಮೇಲೆ ಹೋಗಿ, ಚೆದುರಿ, ಕೆಳಗೆ ಬರೋಷ್ಟರಲ್ಲಿ ಎರಡು ಮೂರು ಸ್ಟಾಪು ಖರ್ಚು. ನಾಲ್ಕರಲ್ಲೊಂದು ಪಾಲೋ ಎಂಟರಲ್ಲೊಂದು ಪಾಲೋ ಉಳಿಯುತ್ತೆ ಅಷ್ಟೆ. ಬೈಕಿನವರು ಹೇಳೋ ಮೈಲೇಜಿನ ಹಾಗೆ ಇದೂನೂ. ಜಾಹೀರಾತಿಗೊಂದು, ರೋಡಿಗೊಂದು.

ಮತ್ಯಾಕೆ ಸೂರಿಗೆ ಹೊಡೀಬೇಕು ಅಂತ ಕೇಳಬಹುದು. ನೇರ ಮುಖಕ್ಕೆ ಹೊಡೆದ ಫೋಟೋ ನೀವೂ ನೋಡಿರ್ತೀರಿ. ಅರಿಶಿನ, ಬೆವರು, ಎಣ್ಣೆ ಎಲ್ಲಾ ಸೇರಿ ಮದುಮಗನ ಮುಖ ಆಗ ತಾನೇ ಬಾಣಲೆಯಿಂದ ಎತ್ತಿದ ಬೋಂಡಾ. ಜರಿ ಸೀರೆ ಉರಿದು ಬಿಳಿ. ಹಿಂದಿನ ಗೋಡೆ ಮೇಲೆ ಎಲ್ಲರಿಗೂ ಒಂದೊಂದು ಕಪ್ಪು ದೆವ್ವದಂಥ ನೆರಳು. ಫ್ಲ್ಯಾಶು ತೀರಾ ಸಣ್ಣ ದೀಪವಾದ್ದರಿಂದ ಹೀಗಾಗೋದು. ಅದೇ ಬೆಳಕನ್ನು ಬಿಳೀ ಸೂರಿಗೆ ಹೊಡೆದ್ರೆ ಇಡೀ ಸೂರೇ ದೀಪ ಆಗುತ್ತೆ. ದೀಪ ದೊಡ್ಡದಾದಷ್ಟೂ ನೆರಳು ಮೆತ್ತಗೆ.

ಇಷ್ಟು ಓದಿಕೊಂಡು, ಕೊಳ್ಳೋಕೆ ಮುಂಚೆ ಒಂದ್ಸಲ ಕೈ ನೋಡೋಣ ಅಂತ ಆಫೀಸಿನ ಗೆಳೆಯನ ಹತ್ರ ಒಂದು ಫ್ಲ್ಯಾಶ್ ಸಾಲ ತಂದೆ. ಕೆಳಗೆ ಒಂದೇ ಪಿನ್ ಇರೋ ಅಗ್ಗದ ಮಾಲು. ಕ್ಯಾಮೆರಾ "ಹೊಡಿ" ಅಂದ್ರೆ ಹೊಡೆಯುತ್ತೆ, ಬೇರೆ ಯಾವ ಮಾತುಕತೆಯೂ ಇಲ್ಲ. (ಅಪ್ಪನ ಸ್ನೇಹಿತರೊಬ್ಬರು ತಮ್ಮ ಅಟ್ಟದಲ್ಲಿದ್ದ ಹಳೇ ಫ್ಲ್ಯಾಶ್ ಕೊಡ್ತೀನಿ ಅಂದಿದ್ರು. ಬೇಡ ಅಂದೆ. ತುಂಬಾ ಹಳೇ ಫ್ಲ್ಯಾಶುಗಳಲ್ಲಿ ಕೆಲವಕ್ಕೆ ಪಿನ್ನಿನಲ್ಲಿ ನೂರಕ್ಕೂ ಹೆಚ್ಚು ವೋಲ್ಟ್ ಇರುತ್ತೆ, ಈಗಿನ ಕ್ಯಾಮೆರಾದ ಕರುಳು ಸುಟ್ಟು ಹೋಗಬಹುದು. ನಿಮಗೂ ಯಾರಾದ್ರೂ ಪ್ರೀತಿಯಿಂದ ಕೊಟ್ಟರೆ ಹುಷಾರು!)

ರೂಮ್‌ಮೇಟಿಗೆ ಪಂಚೆ ಉಡಿಸಿ, ಟವೆಲ್ಲು ಹೊದಿಸಿ, ಬಾಲ್ಕನಿ ಬಾಗಿಲಿಗೆ ಬೆನ್ನು ಮಾಡಿ ಕೂರಿಸಿದೆ. ಹೊರಗೆ ಬಿಸಿಲು ಜಾಸ್ತಿ ಇತ್ತು ಅಂತ ಶಟರ್ ಸ್ಪೀಡನ್ನು 1/500ಕ್ಕೆ ಏರಿಸಿ ಕ್ಲಿಕ್ಕಿಸಿದೆ.

ಫೋಟೋ ನೋಡಿದ್ರೆ ಅವನ ಮುಖ, ಎದೆ ಬೆಳಗಿದೆ. ಕೆಳಗಡೆ ಒಂದು ದಪ್ಪ ಕಪ್ಪು ಪಟ್ಟಿ. ಪಂಚೆ, ಕಾಲು ಏನೂ ಇಲ್ಲ. ಚಾಕುವಿನಲ್ಲಿ ಕೊಯ್ದ ಹಾಗೆ.

ಅದನ್ನು ನೋಡ್ತಾ ನೋಡ್ತಾ ಬೆನ್ನಲ್ಲಿ ಏನೋ ಹರಿದ ಹಾಗಾಯ್ತು. ಈ ಕಪ್ಪು ನಾನು ಮುಂಚೆ ನೋಡಿದ್ದೀನಿ.

ತಂಗಿಗೆ ಮೆಸೇಜ್ ಮಾಡಿದೆ. "ಅಮ್ಮನ ಆಲ್ಬಮ್ಮಿಂದ ಧಾರೆ ಫೋಟೋ ಮೊಬೈಲಲ್ಲಿ ತೆಗೆದು ಕಳ್ಸೇ. ಅದರ ಮುಂದಿನ ಹಾಳೆಗಳನ್ನೂ."

*

ಅಪ್ಪ ಅಮ್ಮನ ಮದುವೆ ಆಗಿದ್ದು 1995ರಲ್ಲಿ, ಅಮ್ಮನ ತವರಲ್ಲಿ. ಬೆಳಗಿನ ಜಾವ ಮುಹೂರ್ತ. ಆಲ್ಬಮ್ಮಿನಲ್ಲಿ ಧಾರೆಯ ಫೋಟೋ ಒಂದು ಇದೆ. ಬಲಗಡೆ ಅಪ್ಪ, ಅಮ್ಮ. ಅಮ್ಮನ ಕೈ ಮೇಲೆ ಅಪ್ಪನ ಕೈ, ಅದರ ಮೇಲೆ ತೆಂಗಿನಕಾಯಿ. ಎಡಗಡೆ ಅರ್ಧ ಫೋಟೋ ಪೂರ್ತಿ ಕಪ್ಪು. ಆ ಕಪ್ಪಿನೊಳಗಿಂದ ಒಂದು ಮುಂಗೈ, ಒಂದು ತಾಮ್ರದ ಚೊಂಬು, ಚೊಂಬಿಂದ ಇಳೀತಿರೋ ಧಾರೆ. ಅಷ್ಟೆ.

ಆ ಮುಂಗೈ ನಮ್ಮ ತಾತಂದು. ಅಮ್ಮನ ಅಪ್ಪ.

1996ರಲ್ಲಿ, ನಾನು ಹುಟ್ಟೋ ಮೊದಲೇ ತಾತ ಹೋಗಿಬಿಟ್ರು. ನಮ್ಮ ಮನೆ ಗೋಡೆ ಮೇಲೆ ಅವರದ್ದೊಂದು ಫೋಟೋ ಇದೆ, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋವನ್ನು ದೊಡ್ಡದು ಮಾಡಿಸಿದ್ದು. ಭುಜದ ಮೇಲೆ ಬ್ಯಾಂಕಿನ ಸೀಲಿನ ಅರ್ಧ ಚಂದ್ರ ಈಗಲೂ ಕಾಣುತ್ತೆ. ಅಮ್ಮ ಮತ್ತು ತಾತ ಇಬ್ಬರೂ ಒಟ್ಟಿಗೆ ಇರೋ ಫೋಟೋ ಅಂತ ಇದ್ರೆ ಅದು ಈ ಅರ್ಧ ಕಪ್ಪು ಫೋಟೋ ಒಂದೇ. ಅದರಲ್ಲಿ ತಾತ ಅಂದ್ರೆ ಒಂದು ಮುಂಗೈ.

ನಮ್ಮನೇಲಿ ಇದಕ್ಕೆ ಒಂದು ಸಿದ್ಧ ಕಥೆ ಇದೆ. ಫೋಟೋದವನು ಕುಡ್ಕೊಂಡು ಬಂದಿದ್ದ. ಫಿಲ್ಮ್ ಹಾಳು ಮಾಡ್ದ. ಅದಕ್ಕೇ ಬಾಕಿ ದುಡ್ಡು ಕೊಡದೆ ಓಡಿಸಿದ್ವಿ. ಪ್ರತಿ ಮದುವೆಗೂ ಆಲ್ಬಮ್ ಹೊರಗೆ ಬರುತ್ತೆ, ಪ್ರತಿ ಸಲವೂ ಆ ಮನುಷ್ಯನಿಗೆ ಬೈಗುಳ ಬೀಳುತ್ತೆ. ಅವರು ತೀರಿಕೊಂಡು ಎಷ್ಟೋ ವರ್ಷ ಆಯ್ತು, ಬೈಗುಳ ನಿಂತಿಲ್ಲ.

ತಂಗಿ ಕಳಿಸಿದ ನಾಲ್ಕು ಫೋಟೋ ಲ್ಯಾಪ್‌ಟಾಪಿನಲ್ಲಿ ಸಾಲಾಗಿ ಇಟ್ಟುಕೊಂಡು ನೋಡಿದೆ. ಧಾರೆಗೆ ಮುಂಚಿನ ಫೋಟೋ, ಜೀರಿಗೆ ಬೆಲ್ಲ ಹಾಕೋದು, ಸರಿಯಾಗಿದೆ. ಧಾರೆ, ಎಡಗಡೆ ಅರ್ಧ ಕಪ್ಪು. ಮುಂದಿನದು, ಅದೇ ಎಡಗಡೆ ಅಷ್ಟೇ ಅರ್ಧ ಕಪ್ಪು. ಅದರ ಮುಂದಿನದು ಸರಿಯಾಗಿದೆ.

ಫಿಲ್ಮ್ ಹಾಳಾಗಿದ್ರೆ ಹೀಗೆ ಗೆರೆ ಎಳೆದ ಹಾಗೆ ಎರಡೇ ಫೋಟೋ, ಒಂದೇ ಕಡೆ, ಒಂದೇ ಅಳತೆಗೆ ಹಾಳಾಗಲ್ಲ. ಕುಡಿದ ಕೈ ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡಲ್ಲ. ಇದು ನಂಗೆ ದಿನಾ ಆಫೀಸಲ್ಲಿ ಸಿಗೋ ಥರದ ತಪ್ಪು. ಯಾವುದೋ ಒಂದು ಸೆಟ್ಟಿಂಗ್ ಬದಲಾಗಿದೆ, ಯಾರೋ ಗಮನಿಸಿದ್ದಾರೆ, ವಾಪಸ್ ಸರಿ ಮಾಡಿದ್ದಾರೆ.

*

ಈಗ ಸ್ವಲ್ಪ ಶಟರ್ ಪುರಾಣ. ಬೇಜಾರು ಮಾಡ್ಕೋಬೇಡಿ, ಇಲ್ಲೇ ಇದೆ ಎಲ್ಲಾ ಗುಟ್ಟು.

ಇಂಥ ಕ್ಯಾಮೆರಾಗಳ ಒಳಗೆ ಎರಡು ಪರದೆ. ಮೊದಲನೆಯದು ಸರಿದು ದಾರಿ ಬಿಡುತ್ತೆ, ಎರಡನೆಯದು ಹಿಂದೆ ಬಂದು ಮುಚ್ಚುತ್ತೆ. ಸ್ಪೀಡ್ ಕಡಿಮೆ ಇದ್ದಾಗ, ಮೊದಲ ಪರದೆ ಪೂರ್ತಿ ಸರಿದ ಮೇಲೂ ಎರಡನೆಯದು ಇನ್ನೂ ಹೊರಟಿರಲ್ಲ. ಇಡೀ ಫಿಲ್ಮು ಬಯಲಾಗಿರೋ ಆ ಕ್ಷಣದಲ್ಲೇ ಫ್ಲ್ಯಾಶ್ ಮಿಂಚಿ ಮುಗಿಯುತ್ತೆ. ಸ್ಪೀಡ್ ಜಾಸ್ತಿ ಮಾಡಿದ್ರೆ ಮೊದಲ ಪರದೆ ಪೂರ್ತಿ ಸರಿಯೋಕೆ ಮುಂಚೆಯೇ ಎರಡನೆಯದು ಬೆನ್ನು ಹತ್ತುತ್ತೆ. ಅಂತರಪಟ ಸರಿಯೋ ಮೊದಲೇ ಇನ್ಯಾರೋ ಇನ್ನೊಂದು ಅಂತರಪಟ ಹಿಡ್ಕೊಂಡು ಬಂದ ಹಾಗೆ. ಆಗ ಮಿಂಚಿದ ಫ್ಲ್ಯಾಶು ತೆರೆದಿದ್ದ ಭಾಗಕ್ಕೆ ಮಾತ್ರ ಬೀಳುತ್ತೆ, ಪರದೆ ಮುಚ್ಚಿದ ಭಾಗ ಕಪ್ಪು.

ಇಡೀ ಚೌಕ ಬಯಲಾಗೋ ಗರಿಷ್ಠ ವೇಗಕ್ಕೆ ಸಿಂಕ್ ಸ್ಪೀಡ್ ಅಂತಾರೆ. ನನ್ನ ಸೋನಿಯಲ್ಲಿ ಅದು 1/250. ನಾನು ಇಟ್ಟಿದ್ದು 1/500. ಒಂದೇ ಪಿನ್ನಿನ ಫ್ಲ್ಯಾಶಾದ್ದರಿಂದ ಕ್ಯಾಮೆರಾಗೆ ತನ್ನ ತಲೆ ಮೇಲೆ ಫ್ಲ್ಯಾಶ್ ಇದೆ ಅಂತಲೇ ಗೊತ್ತಿಲ್ಲ, ತಡೀಲಿಲ್ಲ. ನನ್ನ ಕ್ಯಾಮೆರಾದಲ್ಲಿ ಪರದೆ ಮೇಲೆ ಕೆಳಗೆ ಓಡೋದರಿಂದ ಪಟ್ಟಿ ಕೆಳಗೆ ಬಂತು.

ಹಳೇ ಕಾಲದ ಎಷ್ಟೋ ಫಿಲ್ಮ್ ಕ್ಯಾಮೆರಾಗಳಲ್ಲಿ ಬಟ್ಟೆ ಪರದೆ, ಅಡ್ಡಡ್ಡ ಓಡುತ್ತೆ. 1976ರಿಂದ 1997ರವರೆಗೂ ತಯಾರಾಗ್ತಿದ್ದ ಪೆಂಟ್ಯಾಕ್ಸ್ ಕೆ1000 ಅಂಥದ್ದೇ. ಅದರ ಸಿಂಕ್ ಸ್ಪೀಡ್ 1/60. ತಲೆ ಮೇಲೆ ಒಂದು ದುಂಡನೆ ಡಯಲ್ಲು, 60ರ ಪಕ್ಕದ ಮನೆಯೇ 125. ಒಂದು "ಟಕ್", ಅಷ್ಟೇ ಅಂತರ. 125ಕ್ಕೆ ಹೋದ್ರೆ ಹೆಚ್ಚೂ ಕಡಿಮೆ ಅರ್ಧ ಫೋಟೋ ಕಪ್ಪು, ಅದೂ ಒಂದು ಪಕ್ಕಕ್ಕೆ.

ಅಮ್ಮನ ಫೋಟೋದಲ್ಲಿ ಇರೋದು ಅದೇ. ಅವರ ಕೈಲಿದ್ದದ್ದು ಯಾವ ಕ್ಯಾಮೆರಾ ಅಂತ ಹೇಳೋಕೆ ಈಗ ಯಾರೂ ಇಲ್ಲ. ಆದ್ರೆ ಅಡ್ಡ ಪರದೆಯದ್ದು ಅನ್ನೋದನ್ನು ಆ ಕಪ್ಪು ಗೆರೆಯೇ ಹೇಳ್ತಿದೆ.

ಧಾರೆ ಹೊತ್ತಲ್ಲಿ ಚಪ್ಪರದೊಳಗೆ ಹೇಗಿರುತ್ತೆ ನಿಮಗೆ ಗೊತ್ತು. ಗಟ್ಟಿಮೇಳ, ನೂಕು ನುಗ್ಗಲು, ಅಕ್ಕಿ ಕಾಳು ತಲೆ ಮೇಲೆ, ಹೆಗಲ ಮೇಲಿಂದ ಇಣುಕೋ ಹತ್ತು ಜನ. ಯಾರದ್ದೋ ಮೊಣಕೈ ತಾಗಿ ಡಯಲ್ಲು ಒಂದು ಹಲ್ಲು ಸರಿದಿರಬೇಕು. ಎರಡು ಫೋಟೋ ಆದ ಮೇಲೆ ಅವರೇ ನೋಡಿ ಸರಿ ಮಾಡ್ಕೊಂಡಿದ್ದಾರೆ. ಆದ್ರೆ ಹಿಂದಿನ ಎರಡು ಏನಾಗಿದೆ ಅಂತ ಹಿಂದೆ ತಿರುಗಿಸಿ ನೋಡೋಕೆ ಅದೇನು ಡಿಜಿಟಲ್ಲಾ? ಫಿಲ್ಮ್ ತೊಳೆದ ದಿನವೇ ಅವರಿಗೂ ಗೊತ್ತಾಗಿದ್ದು. ಆ ಎರಡು ಫೋಟೋವನ್ನು ಮುಚ್ಚಿಡದೆ ಪ್ರಿಂಟ್ ಹಾಕಿ ಕೊಟ್ಟಿದ್ದಾರೆ ಅಂದ್ರೆ, ಅದೂ ಒಂದು ನಿಯತ್ತೇ.

ಅಮ್ಮನಿಗೆ ಫೋನ್ ಮಾಡಿ ಎಲ್ಲಾ ವಿವರಿಸಿದೆ. ಪರದೆ, ಡಯಲ್ಲು, 60, 125. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ಲು.

"ಹಂಗಾದ್ರೆ ಅವನು ಕುಡಿದಿರ್ಲಿಲ್ವೇನೋ?"

"ಕುಡಿದಿದ್ದ್ರೋ ಇಲ್ವೋ ಗೊತ್ತಿಲ್ಲ ಕಣಮ್ಮ. ಈ ತಪ್ಪಿಗೆ ಕುಡೀಬೇಕಾಗಿರ್ಲಿಲ್ಲ. ನಾನೂ ಇವತ್ತು ಇದೇ ತಪ್ಪು ಮಾಡ್ದೆ, ಬರೀ ಕಾಫಿ ಕುಡ್ದು."

"ಬಾಕಿ ದುಡ್ಡು ಕೊಡ್ಲಿಲ್ಲ ಕಣೋ ನಾವು" ಅಂದ್ಲು. ಆಮೇಲೆ, "ಮೂರು ಸಲ ಮನೆ ಬಾಗ್ಲಿಗೆ ಬಂದಿದ್ದ" ಅಂದ್ಲು.

ನನ್ನ ಹತ್ರ ಉತ್ತರ ಇರಲಿಲ್ಲ.

*

ಆವತ್ತಿಂದ ಎಕ್ಸೆಲ್ ಶೀಟಿನಲ್ಲಿ ಗೈಡ್ ನಂಬರ್ ಕಾಲಂ ಹಿಂದಕ್ಕೆ ಹೋಯ್ತು. ಹೊಸದಾಗಿ ಒಂದೇ ಪ್ರಶ್ನೆ ಮುಂದಕ್ಕೆ ಬಂತು. ಬೇಕಾದ ಆ ಒಂದು ಸೆಕೆಂಡಿನಲ್ಲಿ ಕೈ ಕೊಡದೇ ಇರೋದು ಯಾವುದು?

ಮೊದಲನೆಯದು, ಕ್ಯಾಮೆರಾ ಜತೆ ಪೂರ್ತಿ ಮಾತಾಡೋ ಫ್ಲ್ಯಾಶ್ ಬೇಕು. ಟಿಟಿಎಲ್ ಅಂತಾರೆ. ಫೋಟೋಗೆ ಸ್ವಲ್ಪ ಮುಂಚೆ ಒಂದು ಪುಟ್ಟ ಮಿಂಚು ಹೊಡೆದು, ಲೆನ್ಸಿನ ಮೂಲಕ ಎಷ್ಟು ಬೆಳಕು ವಾಪಸ್ ಬಂತು ಅಂತ ಅಳೆದು, ಆಮೇಲೆ ನಿಜವಾದ ಮಿಂಚಿನ ಪ್ರಮಾಣ ನಿರ್ಧರಿಸುತ್ತೆ. ಅದಕ್ಕಿಂತ ನಂಗೆ ಮುಖ್ಯವಾಗಿದ್ದು, ಇಂಥ ಫ್ಲ್ಯಾಶ್ ಕೂತಿದ್ರೆ ಕ್ಯಾಮೆರಾ ನಮ್ಮನ್ನು ಸಿಂಕ್ ಸ್ಪೀಡ್ ದಾಟೋಕೆ ಬಿಡಲ್ಲ. ದಾಟಲೇಬೇಕು ಅಂದ್ರೆ ಹೈ ಸ್ಪೀಡ್ ಸಿಂಕ್ ಅಂತ ಇನ್ನೊಂದು ವಿಧಾನ ಇದೆ. ಪರದೆ ಓಡುವಷ್ಟು ಹೊತ್ತೂ ಫ್ಲ್ಯಾಶು ಒಂದೇ ಸಮ ಪಟಪಟ ಮಿಂಚ್ತಾ ಇರುತ್ತೆ. ಆದ್ರೆ ತಾಕತ್ತು ತುಂಬಾ ಕಡಿಮೆ ಆಗುತ್ತೆ.

ಎರಡನೆಯದು, ಒಂದು ಸಲ ಮಿಂಚಿದ ಮೇಲೆ ಮತ್ತೆ ತಯಾರಾಗೋಕೆ ಎಷ್ಟು ಹೊತ್ತು ಅನ್ನೋದು. ಒಳಗಿನ ಕೆಪಾಸಿಟರ್ ತುಂಬಬೇಕು. ಪೆನ್ಸಿಲ್ ಸೆಲ್ ಹಾಕೋ ಫ್ಲ್ಯಾಶಿಗೆ ಪೂರ್ತಿ ತಾಕತ್ತಿನಲ್ಲಿ ಹೊಡೆದ್ರೆ ಎರಡು ಸೆಕೆಂಡಿಗೂ ಮೇಲೆ, ಸೆಲ್ ಸೊರಗಿದಷ್ಟೂ ಇನ್ನೂ ನಿಧಾನ. ಲಿಥಿಯಂ ಬ್ಯಾಟರಿಯದ್ದಾದ್ರೆ ಸುಮಾರು ಒಂದೂವರೆ ಸೆಕೆಂಡು. ಪೇಪರ್ ಮೇಲೆ ಇದು ಏನೂ ಅಲ್ಲ. ತಾಳಿಗೆ ಮೂರು ಗಂಟು ಹಾಕೋಕೆ ಎಷ್ಟು ಹೊತ್ತು ಅಂತ ಲೆಕ್ಕ ಹಾಕಿ ನೋಡಿ!

ಸೋನಿಯವರದೇ ದೊಡ್ಡ ಫ್ಲ್ಯಾಶ್ ಚೆನ್ನಾಗಿತ್ತು, ಬೆಲೆ ನೋಡಿ ಕೈ ಮುಗಿದೆ. ಉಳಿದಿದ್ದು ಗೋಡಾಕ್ಸ್. ದುಂಡು ತಲೆಯ ವಿ1 ತಗೊಳ್ಳೋಣ ಅಂತ ಆಸೆ ಇತ್ತು, ಅದರ ಬೆಳಕಿನ ಅಂಚು ಮೆತ್ತಗೆ ಅಂತ ಎಲ್ಲರೂ ಹೊಗಳ್ತಾರೆ. ಆದ್ರೆ ನಾನು ಹೇಗೂ ಸೂರಿಗೆ ಹೊಡೆಯೋನು. ಸೂರಿಗೆ ಬಡಿದು ಬಂದ ಮೇಲೆ ಬೆಳಕು ದುಂಡೋ ಚೌಕವೋ ಯಾರಿಗೆ ಗೊತ್ತಾಗುತ್ತೆ? ಚೌಕ ತಲೆಯ ವಿ860 ಮೂರನೇ ಮಾಡೆಲ್ ಆರಿಸಿದೆ. ಲಿಥಿಯಂ ಬ್ಯಾಟರಿ, ಟಿಟಿಎಲ್, ಪೂರ್ತಿ ಚಾರ್ಜಿಗೆ 480 ಮಿಂಚು ಅಂತ ಕಂಪನಿ ಮಾತು. ಉಳಿಸಿದ ದುಡ್ಡಲ್ಲಿ ಇನ್ನೊಂದು ಬ್ಯಾಟರಿ. ಚಿಕ್ಕಪೇಟೆ ಕಡೆಯ ಅಂಗಡಿಯವರು "ಸರ್, ಡಿಫ್ಯೂಸರ್, ಬೌಲು, ಸಾಫ್ಟ್‌ಬಾಕ್ಸು?" ಅಂತ ಒಂದೊಂದೇ ಮುಂದೆ ಇಟ್ಟರು. ಕಿತ್ತಳೆ ಬಣ್ಣದ ಜೆಲ್ ಹಾಳೆ ಒಂದು ಸಾಕು ಅಂದೆ. ಫ್ಲ್ಯಾಶಿನ ಬೆಳಕು ಮಧ್ಯಾಹ್ನದ ಬಿಸಿಲಿನಂತೆ ಬಿಳಿ, ರಾತ್ರಿ ಹಾಕೋ ಬಲ್ಬುಗಳದ್ದು ಹಳದಿ. ಜೆಲ್ ಹಾಕದಿದ್ರೆ ಮುಖ ನೀಲಿ, ಹಿನ್ನೆಲೆ ಅರಿಶಿನ.

*

ಮದುವೆಗೆ ಎರಡು ದಿನ ಇರುವಾಗ ಊರಿಗೆ ಹೋದೆ. ಮನೆಯೊಳಗೆ ಆರ್‌ಸಿಸಿ ಸೂರು, ಬಿಳೀ ಸುಣ್ಣ. ಫ್ಲ್ಯಾಶ್ ಮೇಲಕ್ಕೆ ತಿರುಗಿಸಿ ಹೊಡೆದ್ರೆ ದೇವಲೋಕದ ಬೆಳಕು. ಖುಷಿಯಾಗಿ ಹೊರಗೆ ಚಪ್ಪರದ ಕೆಳಗೆ ಬಂದು ಹೊಡೆದೆ. ಏನೂ ಇಲ್ಲ. ಅರ್ಧ ಬೆಳಕು ಗರಿ ಸಂದಿಯಿಂದ ಆಕಾಶಕ್ಕೆ ಹೋಯ್ತು, ಉಳಿದದ್ದನ್ನು ಗರಿ ನುಂಗಿತು, ವಾಪಸ್ ಬಂದಷ್ಟು ಹಸಿರು. ತಂಗಿಯ ಮುಖ ಕಾಮಾಲೆ ರೋಗಿಯ ಹಾಗಿತ್ತು.

"ಎಷ್ಟು ಕೊಟ್ಟೆ ಇದಕ್ಕೆ?" ಅಂತ ಅಪ್ಪ ಕೇಳಿದ್ರು. ಸುಳ್ಳು ಹೇಳಿದೆ. ಅರ್ಧ ಬೆಲೆ.

ತಲೆ ಕೆಟ್ಟು ಜಗಲಿ ಮೇಲೆ ಕೂತಿದ್ದೆ. ಸಂಜೆ ಹೊತ್ತಿಗೆ ಊರಿನ ಮಡಿವಾಳರು ಬಂದ್ರು. ಹಸೆ ಹಾಕೋ ಜಾಗಕ್ಕೆ ಸರಿಯಾಗಿ ಮೇಲೆ, ಗರಿ ಕೆಳಗೆ, ನಾಲ್ಕು ಮೂಲೆಗೆ ಹಗ್ಗ ಎಳೆದು ಒಂದು ದೊಡ್ಡ ಮಡಿ ಬಟ್ಟೆ ಕಟ್ಟಿದ್ರು. ಮೇಲ್ಕಟ್ಟು. ನಮ್ಮ ಕಡೆ ಮದುವೆಗಳಲ್ಲಿ ಇದು ಇರಲೇಬೇಕು. ಚಿಕ್ಕಂದಿನಿಂದ ನೋಡಿದ್ದೀನಿ, ಒಂದು ಸಲವೂ ತಲೆ ಎತ್ತಿ ನೋಡಿದ್ದಿಲ್ಲ.

ಒಗೆದು ಬೆಳ್ಳಗೆ ಮಾಡಿದ ಬಟ್ಟೆ. ಕೂತವರ ತಲೆಗಿಂತ ಐದಾರು ಅಡಿ ಮೇಲೆ. ಫೋಟೋ ಅಂಗಡಿಯವರು ಸಾವಿರಾರು ರೂಪಾಯಿಗೆ ಮಾರೋ ರಿಫ್ಲೆಕ್ಟರ್ ಇನ್ನೇನು!

ಓಡಿ ಹೋಗಿ ಫ್ಲ್ಯಾಶ್ ತಂದು ಅದಕ್ಕೆ ಹೊಡೆದೆ. ಮಡಿವಾಳರು ಬೆಚ್ಚಿ ಏಣಿ ಮೇಲಿಂದಲೇ "ಏನಾತಪ್ಪೋ!" ಅಂದ್ರು. ಕ್ಯಾಮೆರಾದಲ್ಲಿ ಅವರ ಫೋಟೋ ತೋರಿಸಿದೆ. ಮುಖದ ಮೇಲೆ ಎಷ್ಟು ಚೆಂದದ ಬೆಳಕು ಅಂತೀರಿ. ಇಡೀ ಮದುವೆಯಲ್ಲಿ ನನಗೆ ಅತಿ ಇಷ್ಟವಾದ ಪೋರ್ಟ್ರೇಟು ಇವತ್ತಿಗೂ ಅದೇ.

ಮಾರನೇ ರಾತ್ರಿ ಅರಿಶಿನ ಶಾಸ್ತ್ರ. ಜೆಲ್ ಹಾಕಿ ಶುರು ಮಾಡಿದೆ. ಅಜ್ಜಿಗೆ ಹೋದ ವರ್ಷ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. "ಮೊಕಕ್ಕೆ ಮಿಂಚು ಹೊಡೀಬೇಡ ಕಣ್ಲಾ ಮಗಾ" ಅಂತ ಸೆರಗು ಅಡ್ಡ ಹಿಡಿದ್ರು. "ಇಲ್ಲಜ್ಜಿ, ಮೇಲಕ್ಕೆ ಹೊಡೀತೀನಿ" ಅಂದೆ. ಒಂದೆರಡು ಸಲ ನೋಡಿ ಸೆರಗು ಇಳಿಸಿದ್ರು.

ಕ್ಯಾಮೆರಾದ ಟಕ್ ಟಕ್ ಸದ್ದು ಸೋಬಾನೆ ಪದಕ್ಕೆ ಅಡ್ಡಿ ಆಗ್ತಿದೆ ಅನ್ನಿಸಿ, ಬುದ್ಧಿವಂತಿಕೆ ಮಾಡಿ ಸೈಲೆಂಟ್ ಶಟರ್ ಹಾಕಿದೆ. ಫ್ಲ್ಯಾಶು ನಿಂತೇ ಹೋಯ್ತು! ಬ್ಯಾಟರಿ ತೆಗೆದೆ, ಹಾಕಿದೆ. ಒರೆಸಿದೆ. ಆಫ್ ಮಾಡಿದೆ, ಆನ್ ಮಾಡಿದೆ. ಉಹುಂ. ಹತ್ತು ನಿಮಿಷ ಬೆವರಿದ ಮೇಲೆ ನೆನಪಾಯ್ತು, ಈ ಕ್ಯಾಮೆರಾದಲ್ಲಿ ಸೈಲೆಂಟ್ ಶಟರ್ ಇದ್ರೆ ಫ್ಲ್ಯಾಶ್ ಮಿಂಚಲ್ಲ. ಅಲ್ಲಿ ಪರದೆಯೇ ಓಡಲ್ಲ, ಸೆನ್ಸರು ಸಾಲು ಸಾಲಾಗಿ ನಿಧಾನಕ್ಕೆ ಓದಿಕೊಳ್ಳುತ್ತೆ.

ಆ ಹತ್ತು ನಿಮಿಷ ಅರಿಶಿನದಲ್ಲಿ ಹೋಯ್ತು ಸರಿ. ಮಾರನೇ ಬೆಳಗ್ಗೆ ಹೋಗಿದ್ದಿದ್ರೆ? ಮೂವತ್ತು ವರ್ಷದ ಹಿಂದಿನ ಆ ಮನುಷ್ಯ ನನ್ನ ಪಕ್ಕದಲ್ಲೇ ನಿಂತು ನಗ್ತಿದ್ದಾರೆ ಅನ್ನಿಸ್ತು.

*

ಧಾರೆ ಒಂಬತ್ತೂವರೆಗೆ. ಎಲ್ಲಾ ಮ್ಯಾನುಯಲ್ಲಿಗೆ ಹಾಕಿದೆ. 1/200, ಎಫ್/4, ಐಎಸ್‌ಓ 400. ಫ್ಲ್ಯಾಶು 1/8 ತಾಕತ್ತು, ತಲೆ ಮೇಲ್ಕಟ್ಟಿನ ಕಡೆಗೆ. 1/8ರಲ್ಲಿ ಕೆಪಾಸಿಟರ್ ಖಾಲಿಯಾಗೋದೇ ಸ್ವಲ್ಪ, ಒಂದರ ಹಿಂದೆ ಒಂದು ಹೊಡೆದ್ರೂ ಕಾಯಿಸಲ್ಲ. ಆಮೇಲೆ ಅಪ್ಪನ ಮೋಟಾರ್ ಪಂಪಿನ ಡಬ್ಬಿಯಿಂದ ಕಪ್ಪು ಇನ್ಸುಲೇಷನ್ ಟೇಪ್ ತಂದು, ಶಟರ್ ಸ್ಪೀಡ್ ಬದಲಾಯಿಸೋ ಡಯಲ್ಲಿನ ಮೇಲೆ ಒಂದು ತುಂಡು ಅಂಟಿಸಿದೆ. ಟಿಟಿಎಲ್ ಫ್ಲ್ಯಾಶ್ ಇರೋದರಿಂದ ಅದರ ಅಗತ್ಯ ಇರಲಿಲ್ಲ. ಆದ್ರೂ ಅಂಟಿಸಿದೆ. 1995ರಲ್ಲಿ ಈ ಟೇಪಿನ ಎರಡಿಂಚು ತುಂಡು ಇದ್ದಿದ್ರೆ....

ಗಟ್ಟಿಮೇಳ ಶುರುವಾಯ್ತು. ಅಪ್ಪ ಚೊಂಬು ಎತ್ತಿದ್ರು. ಅಮ್ಮ ಅಪ್ಪನ ಕೈಗೆ ಕೈ ಹಿಡಿದ್ಲು. ಹಾಲು ನೀರು ಬೆರೆಸಿದ ಧಾರೆ ತಂಗಿಯ ಕೈ ಮೇಲೆ ಬಿತ್ತು. ಒಂದೇ ಸಮ ಒತ್ತಿದೆ. ಅಮೆರಿಕದ ಎಂಐಟಿಯಲ್ಲಿದ್ದ ಹೆರಾಲ್ಡ್ ಎಡ್ಜರ್ಟನ್ ಅನ್ನೋ ಎಂಜಿನಿಯರು ಫ್ಲ್ಯಾಶ್ ಬೆಳಕಿನಲ್ಲಿ ಹಾಲಿನ ಹನಿ ಚಿಮ್ಮಿ ಕಿರೀಟದ ಹಾಗೆ ನಿಂತಿರೋ ಫೋಟೋ ತೆಗೆದಿದ್ದು 1957ರಲ್ಲಿ, ನೀವೂ ಎಲ್ಲೋ ನೋಡಿರ್ತೀರಿ. ಫ್ಲ್ಯಾಶಿನ ಮಿಂಚು ಅಷ್ಟು ಕ್ಷಣಿಕ, ಬೀಳೋ ಹನಿಯನ್ನೂ ನಿಲ್ಲಿಸುತ್ತೆ. ನನ್ನ ಫೋಟೋದಲ್ಲೂ ಧಾರೆಯ ಕೊನೆಯಲ್ಲಿ ಮೂರು ನಾಲ್ಕು ಹನಿ ಗಾಳಿಯಲ್ಲಿ ಮಣಿಯ ಹಾಗೆ ನಿಂತಿವೆ.

"ಲೋ, ನೀನೂ ಬಂದು ಎರೆಯೋ. ಒಬ್ಬನೇ ಅಣ್ಣ ನೀನು" ಅಂತ ಅಮ್ಮ ಕೂಗಿದ್ಲು.

ಫೋಟೋ ಯಾರು ತೆಗೀತಾರೆ? ಚಿಕ್ಕಪ್ಪನ ಮಗ, ಸೆಕೆಂಡ್ ಪಿಯುಸಿ, ಪಕ್ಕದಲ್ಲಿದ್ದ. ಕ್ಯಾಮೆರಾ ಅವನ ಕುತ್ತಿಗೆಗೆ ಹಾಕಿ, "ಈ ಗುಂಡಿ ಒತ್ತು, ಅಷ್ಟೆ. ಬೇರೇನೂ ಮುಟ್ಟಬೇಡ" ಅಂದೆ.

"ಟೇಪ್ ಯಾಕಣ್ಣ ಹಾಕಿದೀಯ?"

"ಆಮೇಲೆ ಹೇಳ್ತೀನಿ. ಒತ್ತು."

ಹೋಗಿ ಚೊಂಬು ಹಿಡಿದೆ. ಕೈ ಯಾಕೋ ನಡುಗ್ತಿತ್ತು. ಮಿಂಚು ಮೇಲಿನ ಬಿಳೀ ಬಟ್ಟೆಗೆ ಬಿದ್ದು ಎಲ್ಲರ ಮೇಲೂ ಇಳೀತಿತ್ತು.

*

ರಾತ್ರಿ ಎಲ್ಲರೂ ಮಲಗಿದ ಮೇಲೆ ಅಮ್ಮನಿಗೆ ಲ್ಯಾಪ್‌ಟಾಪಿನಲ್ಲಿ ಧಾರೆ ಫೋಟೋ ತೋರಿಸಿದೆ. ಅಪ್ಪ ಇದ್ದಾರೆ, ಅಮ್ಮ ಇದ್ದಾಳೆ, ತಂಗಿ, ಭಾವ, ಹಿಂದೆ ಅಜ್ಜಿ. ಈ ಅಂಚಿಂದ ಆ ಅಂಚಿಗೆ ಎಲ್ಲರೂ ಇದ್ದಾರೆ. ತಮ್ಮ ತೆಗೆದ ಫೋಟೋ ಸ್ವಲ್ಪ ಓರೆಯಾಗಿದೆ, ಅದರಲ್ಲಿ ನಾನೂ ಇದ್ದೀನಿ.

ಅಮ್ಮ ತುಂಬಾ ಹೊತ್ತು ನೋಡಿದ್ಲು. ತಂಗಿಯನ್ನಲ್ಲ. ಚೊಂಬನ್ನು.

"ಇದು ನಿಮ್ ತಾತಂದೇ ಕಣೋ. ನನ್ ಧಾರೇದು. ತವರಿಂದ ಕೊಟ್ಟು ಕಳಿಸಿದ್ರು."

ನಂಗೆ ಗೊತ್ತೇ ಇರಲಿಲ್ಲ. ಎದ್ದು ಹೋಗಿ ಆಲ್ಬಮ್ ತಂದು ಪಕ್ಕಕ್ಕೆ ಹಿಡಿದೆ. ಹೌದು, ಕಂಠದ ಹತ್ರ ಅದೇ ತಗ್ಗು. ಆ ಫೋಟೋದ ಕಪ್ಪನ್ನು ನಾನು ಸ್ಕ್ಯಾನ್ ಮಾಡಿ, ಬ್ರೈಟ್‌ನೆಸ್ ಏರಿಸಿ, ಏನೇನೋ ಮಾಡಿ ನೋಡಿದ್ದೆ. ಏನೂ ಇಲ್ಲ ಅದರಲ್ಲಿ. ಪರದೆ ಮುಚ್ಚಿದ ಕಡೆ ಬೆಳಕೇ ಬಿದ್ದಿಲ್ಲ, ಇಲ್ಲದ್ದನ್ನು ಯಾವ ಸಾಫ್ಟ್‌ವೇರೂ ತರಲ್ಲ. ನೆಗೆಟಿವ್ ಎಂದೋ ಕಳೆದು ಹೋಗಿದೆ.

"ಅವ್ರ ಮಗ ಇನ್ನೂ ಸ್ಟುಡಿಯೋ ನಡೆಸ್ತಾನಂತೆ" ಅಂದ್ಲು ಅಮ್ಮ, ಆಲ್ಬಮ್ ಮುಚ್ತಾ. "ನಾಡಿದ್ದು ನೀನು ಬೆಂಗ್ಳೂರಿಗೆ ಹೋಗ್ತಾ ಅಲ್ಲಿ ಇಳಿದು ಹೋಗು. ಬಾಕಿ ಇನ್ನೂರೈವತ್ತು ರೂಪಾಯಿ ಇತ್ತು. ಅದರ ಮೇಲೆ ನಿಂಗೆ ಎಷ್ಟು ಸರಿ ಅನ್ಸುತ್ತೋ ಅಷ್ಟು ಸೇರಿಸಿ ಕೊಡು."

ಹೋದೆ. ಚಿಕ್ಕ ಅಂಗಡಿ, ಪಾಸ್‌ಪೋರ್ಟ್ ಫೋಟೋ, ಝೆರಾಕ್ಸು, ಲ್ಯಾಮಿನೇಷನ್ನು. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರು. ಕಥೆ ಪೂರ್ತಿ ಕೇಳಿಸಿಕೊಂಡ್ರು. ದುಡ್ಡು ಬೇಡ ಅಂದ್ರು, ನಾನು ಬಿಡಲಿಲ್ಲ, ಕೊನೆಗೆ ಗಲ್ಲಾಪೆಟ್ಟಿಗೆಗೆ ಹಾಕದೆ ಅಪ್ಪನ ಫೋಟೋ ಮುಂದೆ ಇಟ್ಟರು. ಆಮೇಲೆ ಒಂದೇ ಮಾತು ಹೇಳಿದ್ರು.

"ಕ್ಯಾಮೆರಾ ಮುಟ್ಟೋಕೆ ಮುಂಚೆ ಡಯಲ್ ನೋಡು ಅಂತ ನಂಗೆ ತಲೆ ಮೇಲೆ ಮೊಟಕಿ ಮೊಟಕಿ ಕಲಿಸಿದ್ರು ಸಾರ್ ನಮ್ಮಪ್ಪ. ಯಾಕೆ ಅಂತ ಯಾವತ್ತೂ ಹೇಳಿರ್ಲಿಲ್ಲ."

ಯಾವ ಫ್ಲ್ಯಾಶ್ ಕೊಳ್ಳಲಿ ಅಂತ ಈಗ ಗೆಳೆಯರು ನನ್ನನ್ನೇ ಕೇಳ್ತಾರೆ. ಟಿಟಿಎಲ್ ಇರೋದು, ಲಿಥಿಯಂ ಬ್ಯಾಟರಿಯದ್ದು, ತಲೆ ಎಲ್ಲಾ ಕಡೆ ತಿರುಗೋದು ತಗೊಳ್ಳಿ ಅಂತೀನಿ. ಮದುವೆ ನಡೆಯೋ ಜಾಗಕ್ಕೆ ಮೊದಲೇ ಹೋಗಿ ತಲೆ ಎತ್ತಿ ನೋಡಿ ಅಂತೀನಿ. ಜತೆಗೆ ಹತ್ತು ರೂಪಾಯಿಯ ಒಂದು ಇನ್ಸುಲೇಷನ್ ಟೇಪು.

ನಿಮ್ಮನೆ ಹಳೇ ಆಲ್ಬಮ್ಮಲ್ಲೂ ಅರ್ಧ ಕಪ್ಪಾದ ಫೋಟೋ ಇದ್ದರೆ, ಬೈಯೋಕೆ ಮುಂಚೆ ಒಂದ್ಸಲ ಅದರ ಮುಂದಿನ ಹಾಳೆ ತಿರುಗಿಸಿ ನೋಡಿ.